ವಿಂಡೋಸ್ 10ರಿಂದ ಲಿನಕ್ಸ್‌ಗೆ: ನುಡಿ ಫೈಲು, ಪ್ರಿಂಟರು ಯಾವುದೂ ಕೈಬಿಡದೆ

"ಲ್ಯಾಪ್‌ಟಾಪ್ ಚೆನ್ನಾಗೇ ಓಡ್ತಿದೆ. ಆದರೆ ವಿಂಡೋಸ್ 11 ಹಾಕೋಕೆ ಆಗಲ್ಲ ಅಂತ ತೋರಿಸ್ತಿದೆ. ಲಿನಕ್ಸ್ ಹಾಕಬಹುದಾ? ಕನ್ನಡ ಟೈಪ್ ಮಾಡೋಕೆ ಬರುತ್ತಾ?" ಈಚೆಗೆ ಓದುಗರಿಂದ ಅತಿ ಹೆಚ್ಚು ಬರುತ್ತಿರುವ ಪ್ರಶ್ನೆ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರನ್ನು ನಡೆಸುವ, ಉಚಿತವಾಗಿ ಸಿಗುವ ವ್ಯವಸ್ಥೆ. ಹಾಕಬಹುದು, ಕನ್ನಡವೂ ಬರುತ್ತದೆ. ಆದರೆ ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ. ಅದನ್ನು ಸರಿಯಾಗಿ ಮಾಡಿದರೆ ಉಳಿದದ್ದು ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಮೊದಲು ವಿಷಯ ಏನು ಅಂತ ನೋಡೋಣ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2016 ಮತ್ತು ಆಫೀಸ್ 2019ಕ್ಕೂ ಅದೇ ಕೊನೆಯ ದಿನ. ಬೆಂಬಲ ಮುಗಿದ ಮಾತ್ರಕ್ಕೆ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲ, ಅಷ್ಟೇ. ಆ ಲೋಪಗಳು ಮಾತ್ರ ಹಾಗೇ ತೆರೆದಿರುತ್ತವೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಕೆಲವು ವರ್ಷದ ನಂತರ ಬ್ರೌಸರ್‌ಗಳೂ ಕೈಬಿಡುತ್ತವೆ. ವಿಂಡೋಸ್ 7ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ, 2023ರಲ್ಲಿ ಕ್ರೋಮ್ ಕೂಡ ಅದನ್ನು ಬಿಟ್ಟಿತು.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಇಂಟೆಲ್ ಕೋರ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಾಗಾಗಿ 2017ಕ್ಕಿಂತ ಹಿಂದಿನ ಲ್ಯಾಪ್‌ಟಾಪ್‌ಗಳು ಹೆಚ್ಚುಕಡಿಮೆ ಎಲ್ಲವೂ ಹೊರಗುಳಿದವು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ನಾನಂತೂ ಅದನ್ನು ಸೂಚಿಸುವುದಿಲ್ಲ.

ಹಂತ 1: ಲಿನಕ್ಸ್ ನಿಮಗೆ ಆಗಿಬರುತ್ತಾ?

ಒಂದು ಹಾಳೆ ತೆಗೆದುಕೊಳ್ಳಿ. ಈ ಕಂಪ್ಯೂಟರಿನಲ್ಲಿ ಕಳೆದ ಒಂದು ತಿಂಗಳಲ್ಲಿ ಏನೇನು ಮಾಡಿದಿರಿ ಅಂತ ಬರೆಯಿರಿ. ಬ್ರೌಸಿಂಗ್, ಯೂಟ್ಯೂಬ್, ಇಮೇಲ್, ನೆಟ್ ಬ್ಯಾಂಕಿಂಗ್, ಪತ್ರ ಬರೆಯೋದು, ಲೆಕ್ಕದ ಶೀಟು, ಆನ್‌ಲೈನ್ ಕ್ಲಾಸ್. ಇಷ್ಟೇ ಆದರೆ ಏನೂ ಯೋಚನೆ ಬೇಡ.

ಈ ಕೆಳಗಿನವು ಪಟ್ಟಿಯಲ್ಲಿದ್ದರೆ ಮಾತ್ರ ತಡೆಯಿರಿ:

ಟ್ಯಾಲಿ. ಇದು ವಿಂಡೋಸ್‌ಗೆ ಮಾಡಿದ ತಂತ್ರಾಂಶ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್ ಮೇಲೆ ಓಡಿಸುವ ವೈನ್ ಅನ್ನೋ ಸಾಧನ ಇದೆ ನಿಜ. ಆದರೆ ಅಂಗಡಿಯ ಲೆಕ್ಕವನ್ನು ಅದರ ಮೇಲೆ ನಂಬಿ ಬಿಡಬೇಡಿ.

ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ. ಟೆಂಡರ್, ಜಿಎಸ್‌ಟಿ ಕೆಲಸಕ್ಕೆ ಇದು ಬೇಕು. ಕೆಲವು ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್, ಅಂದರೆ ಆ ಉಪಕರಣವನ್ನು ನಡೆಸುವ ತಂತ್ರಾಂಶ, ಸಿಗುತ್ತದೆ. ಆದರೆ ಪ್ರತಿ ಪೋರ್ಟಲ್‌ನಲ್ಲೂ ಸಹಿ ಸರಾಗವಾಗಿ ಆಗುತ್ತದೆ ಅನ್ನುವ ಹಾಗಿಲ್ಲ. ಆಧಾರ್ ಬೆರಳಚ್ಚು ಯಂತ್ರಗಳದ್ದೂ ಇದೇ ಕಥೆ. ಅವುಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಸಿಗುತ್ತದೆ. ಸೈಬರ್ ಸೆಂಟರ್ ನಡೆಸುವವರು ಒಂದು ವಿಂಡೋಸ್ ಯಂತ್ರ ಇಟ್ಟುಕೊಳ್ಳಲೇಬೇಕು.

ಫೋಟೋಶಾಪ್, ಕೋರೆಲ್‌ಡ್ರಾ, ಪೇಜ್‌ಮೇಕರ್. ಫ್ಲೆಕ್ಸ್ ಮತ್ತು ಲಗ್ನಪತ್ರಿಕೆ ಮಾಡುವ ಅಂಗಡಿಗಳ ಕೆಲಸ ಪೂರ್ತಿ ಇವುಗಳ ಮೇಲೇ ನಿಂತಿದೆ. ಇವುಗಳ ಬದಲಿಗೆ ಲಿನಕ್ಸ್‌ನಲ್ಲಿ ಸಿಗುವ ಜಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಚೆನ್ನಾಗಿವೆ. ಆದರೆ ಹಳೇ ಫೈಲು ಅವುಗಳಲ್ಲಿ ಹಾಗ್ಹಾಗೇ ತೆರೆದುಕೊಳ್ಳುತ್ತದೆ ಅಂದುಕೊಳ್ಳಬೇಡಿ.

ಇಂಥ ಕೆಲಸ ಇದ್ದು, ಇನ್ನೊಂದು ಕಂಪ್ಯೂಟರ್ ಇಲ್ಲ ಅನ್ನುವವರಿಗೆ ಸ್ವಲ್ಪ ಕಾಲಾವಕಾಶ ಇದೆ. ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಡುತ್ತಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಳ್ಳಬಹುದು, ಅದಕ್ಕೆ ಮೈಕ್ರೋಸಾಫ್ಟ್ ಖಾತೆ ಬೇಕು. ಅಷ್ಟರೊಳಗೆ ನಿಧಾನವಾಗಿ ಲಿನಕ್ಸ್ ಕಲಿಯಿರಿ.

ಹಂತ 2: ಯಾವ ಲಿನಕ್ಸ್?

ಲಿನಕ್ಸ್ ಅನ್ನೋದು ಒಂದೇ ಒಂದು ಪ್ಯಾಕೆಟ್ ಅಲ್ಲ. ಬೇರೆ ಬೇರೆ ತಂಡಗಳು ಬೇರೆ ಬೇರೆ ರೂಪದಲ್ಲಿ ಹಂಚುತ್ತವೆ. ಇವನ್ನು ಡಿಸ್ಟ್ರೋ ಅಂತಾರೆ. ಹೋಲಿಸಿ ನೋಡುತ್ತಾ ಕೂತರೆ ವಾರಗಟ್ಟಲೆ ಹೋಗುತ್ತದೆ. ವಿಂಡೋಸ್‌ನಿಂದ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್ ಒಂದನ್ನೇ. ಸ್ಟಾರ್ಟ್ ಮೆನು ಇರುವಲ್ಲೇ ಮೆನು ಇರುತ್ತದೆ, ಕೆಳಗೆ ಪಟ್ಟಿ ಇರುತ್ತದೆ, ಕೈಗೆ ಹೊಸದು ಅನ್ನಿಸುವುದಿಲ್ಲ. ಮಿಂಟ್ 22 ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ.

ಅದರಲ್ಲೂ ಮೂರು ಬಗೆ ಇದೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ತೆಗೆದುಕೊಳ್ಳಿ. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ, ಇದು ಹಗುರ. ಮೂರನೆಯದಾದ ಮಾಟೆ ಇವೆರಡರ ನಡುವೆ ಬರುತ್ತದೆ. 2 ಜಿಬಿ ಯಂತ್ರದಲ್ಲೂ ಮಿಂಟ್ ಓಡುತ್ತದೆ, ಆದರೆ ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ತಿಣುಕುತ್ತದೆ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೆ ಮಿಂಟ್ 22 ಸಿಗುವುದಿಲ್ಲ.

ಒಂದು ಖರ್ಚು ಮಾಡುವ ಮನಸ್ಸಿದ್ದರೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್, ಹಾಕಿಸಿ. ಹಳೇ ಲ್ಯಾಪ್‌ಟಾಪ್ ನಿಧಾನ ಆಗಿರೋದು ಬಹಳ ಸಲ ಪ್ರೊಸೆಸರಿನಿಂದ ಅಲ್ಲ, ಒಳಗೆ ತಿರುಗುವ ಹಾರ್ಡ್ ಡಿಸ್ಕಿನಿಂದ. 256 ಜಿಬಿಯ ಸಾಟಾ ಎಸ್‌ಎಸ್‌ಡಿ ಸಾಕು. ಇದರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ಹಳೇ ಹಾರ್ಡ್ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ, ಹೊಸ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಹಾಕಿ. ನಿಮ್ಮ ವಿಂಡೋಸ್ ಹೇಗಿತ್ತೋ ಹಾಗೇ ಇರುತ್ತದೆ. ಲಿನಕ್ಸ್ ಹಿಡಿಸಲಿಲ್ಲ ಅಂದರೆ ಹಳೇ ಡಿಸ್ಕ್ ಮತ್ತೆ ಕೂರಿಸಿದರಾಯಿತು. ಭಯ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಂತ 3: ಬ್ಯಾಕಪ್

ಅವಸರ ಮಾಡಿ ಕೈಸುಟ್ಟುಕೊಳ್ಳುವುದು ಇಲ್ಲೇ. ಹೊರಗಿನ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಇವು: ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲುಗಳು, ಡೌನ್‌ಲೋಡ್ಸ್, ಸಿ ಡ್ರೈವಿನಲ್ಲಿರುವ ಟ್ಯಾಲಿ ಡೇಟಾ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು ಮತ್ತು ಬುಕ್‌ಮಾರ್ಕು, ಔಟ್‌ಲುಕ್‌ನ ಹಳೇ ಮೇಲ್ ಫೈಲು.

ಒನ್‌ಡ್ರೈವ್ ಬಳಸುತ್ತಿದ್ದರೆ ಇನ್ನೂ ಎಚ್ಚರ ಬೇಕು. ಫೋಲ್ಡರಿನಲ್ಲಿ ಫೈಲಿನ ಹೆಸರು ಕಾಣುತ್ತದೆ, ಆದರೆ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಆ ಫೈಲು ನಿಮ್ಮ ಡಿಸ್ಕಿನಲ್ಲಿ ಇಲ್ಲ, ಇಂಟರ್ನೆಟ್ಟಿನಲ್ಲಿದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಆರಿಸಿ. ಪೂರ್ತಿ ಇಳಿದ ಮೇಲೆ ನಕಲು ಮಾಡಿ.

ನಕಲಾದ ಮೇಲೆ ಆ ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಅಲ್ಲೊಂದು ಇಲ್ಲೊಂದು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಲೆಕ್ಕಕ್ಕಿಲ್ಲ.

ಹಂತ 4: ನುಡಿ ಮತ್ತು ಬರಹದ ಹಳೇ ಫೈಲುಗಳು

ಬೇರೆ ಭಾಷೆಯವರು ಬರೆದ ಮಾರ್ಗದರ್ಶಿಗಳಲ್ಲಿ ಇದು ಇರುವುದಿಲ್ಲ. ನಮಗೆ ಮಾತ್ರ ಬಹಳ ಮುಖ್ಯ.

ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ಹೆಚ್ಚಿನವು ಆಸ್ಕಿ ಫೈಲುಗಳು. ಅಂದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ಹಾಗೆ ತೋರಿಸುವುದು ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡ ಇಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಫೈಲು ಕೆಟ್ಟಿದೆ ಅಂತ ಅಳಿಸಿಬಿಡಬೇಡಿ.

ಎರಡು ಕೆಲಸ ಮಾಡಿ. ಮೊದಲನೆಯದು, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಮತ್ತು ಬರಹದ ಫಾಂಟುಗಳನ್ನು ಬ್ಯಾಕಪ್ ಡಿಸ್ಕಿಗೆ ನಕಲು ಮಾಡಿ. ಲಿನಕ್ಸ್‌ನಲ್ಲಿ ಆ ಫಾಂಟ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಹಳೇ ಫೈಲು ಲಿಬ್ರೆಆಫೀಸಿನಲ್ಲಿ (ಎಂಎಸ್ ಆಫೀಸಿನ ಬದಲಿಗೆ ಬಳಸುವ ಉಚಿತ ತಂತ್ರಾಂಶ) ಓದಲು ಸಿಗುತ್ತದೆ.

ಎರಡನೆಯದು, ಮುಂದೆಯೂ ತಿದ್ದಬೇಕಾದ ಫೈಲುಗಳನ್ನು ವಿಂಡೋಸ್ ಇರುವಾಗಲೇ ಯುನಿಕೋಡಿಗೆ ಬದಲಿಸಿ. ಯುನಿಕೋಡ್ ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ವ್ಯವಸ್ಥೆ. ನಿಮ್ಮ ಫೋನಿನಲ್ಲಿರುವ ಕನ್ನಡ ಯುನಿಕೋಡೇ. ಬದಲಿಸುವ ಸೌಲಭ್ಯ ನುಡಿ, ಬರಹ ಎರಡರಲ್ಲೂ ಇದೆ. ಉಚಿತ ಆನ್‌ಲೈನ್ ಪರಿವರ್ತಕಗಳೂ ಇವೆ, ಆದರೆ ಕೋರ್ಟು, ಕಚೇರಿಯ ಗುಟ್ಟಿನ ಕಾಗದಗಳನ್ನು ಅಲ್ಲಿ ಹಾಕಬೇಡಿ. ಬದಲಿಸಿದ ಮೇಲೆ ಕಣ್ಣಾಡಿಸಲೇಬೇಕು. ಅರ್ಕಾವೊತ್ತು ಜಾಗ ತಪ್ಪಿರಬಹುದು. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ನುಡಿ ಸಂಕೇತ ಅಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಟ್ಟಿರುತ್ತದೆ. ಹೆಸರು, ಸರ್ವೆ ನಂಬರು, ಮೊತ್ತ ಇರುವ ಕಡೆ ಮೂಲದ ಜೊತೆ ಹೋಲಿಸಿ ನೋಡಿ. ಮೂಲ ಫೈಲನ್ನು ಎಂದೂ ಅಳಿಸಬೇಡಿ.

ಹಂತ 5: ಪೆನ್‌ಡ್ರೈವ್ ತಯಾರಿ

8 ಜಿಬಿ ಪೆನ್‌ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲು ಇಳಿಸಿಕೊಳ್ಳಿ. ಐಎಸ್‌ಒ ಅಂದರೆ ಇಡೀ ವ್ಯವಸ್ಥೆ ಒಂದೇ ಫೈಲಿನಲ್ಲಿ ಇರುವ ಕಟ್ಟು, ಸುಮಾರು 3 ಜಿಬಿ ಇರುತ್ತದೆ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಕೊಂಡಿ ಒತ್ತಬೇಡಿ. ಇಳಿಸಿದ ಫೈಲು ಸರಿಯಾಗಿದೆಯಾ ಅಂತ ನೋಡಲು ಚೆಕ್‌ಸಮ್ ಅನ್ನೋ ಉದ್ದದ ಸಂಖ್ಯೆ ಆ ತಾಣದಲ್ಲಿ ಕೊಟ್ಟಿರುತ್ತಾರೆ. ಹೋಲಿಸುವ ವಿಧಾನವೂ ಅಲ್ಲೇ ಇದೆ. ಮೊಬೈಲ್ ಡೇಟಾದಲ್ಲಿ, ಅರ್ಧಕ್ಕೆ ನಿಂತು ನಿಂತು ಇಳಿಸಿಕೊಂಡಿದ್ದರೆ ಇದನ್ನು ಬಿಡಬೇಡಿ.

ಐಎಸ್‌ಒ ಫೈಲನ್ನು ಸುಮ್ನೆ ಪೆನ್‌ಡ್ರೈವಿಗೆ ಕಾಪಿ ಪೇಸ್ಟ್ ಮಾಡಿದರೆ ಕೆಲಸ ಆಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚರ್ ಅನ್ನೋ ಉಚಿತ ಸಾಧನದಿಂದ ಬರೆಯಬೇಕು. ಬರೆಯುವ ಮುಂಚೆ ಡ್ರೈವಿನ ಹೆಸರು ಇನ್ನೊಮ್ಮೆ ನೋಡಿ. ಬ್ಯಾಕಪ್ ಹಾರ್ಡ್ ಡಿಸ್ಕ್ ಆಗ ಸಿಕ್ಕಿಸಿರಲೇಬಾರದು.

ಹಂತ 6: ವಿಂಡೋಸ್‌ನಲ್ಲಿ ಎರಡು ಕೆಲಸ

ಒಂದು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ "ಚೂಸ್ ವಾಟ್ ದ ಪವರ್ ಬಟನ್ಸ್ ಡೂ" ಒಳಗೆ ಸಿಗುತ್ತದೆ. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಲಿನಕ್ಸ್‌ಗೆ ಆ ಡಿಸ್ಕಿನ ಮೇಲೆ ಬರೆಯಲು ಆಗುವುದಿಲ್ಲ.

ಎರಡು, ಬಿಟ್‌ಲಾಕರ್ ನೋಡಿ. ಇದು ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ. ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಂತ ಕಾಣುತ್ತದೆ. ಆನ್ ಇದ್ದರೆ ಮೊದಲು 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಆಮೇಲೆ ಆಫ್ ಮಾಡಿ. ಹಳೇ ಡಿಸ್ಕನ್ನು ಬೀರುವಿನಲ್ಲಿಡುವವರಿಗೂ ಇದು ಅನ್ವಯಿಸುತ್ತದೆ. ಕೀ ಇಲ್ಲದೆ ಬೇರೆ ಯಂತ್ರದಲ್ಲಿ ಆ ಡಿಸ್ಕ್ ತೆರೆಯುವುದಿಲ್ಲ.

ಹಂತ 7: ಹಾಕದೇ ಓಡಿಸಿ ನೋಡಿ

ಪೆನ್‌ಡ್ರೈವ್ ಸಿಕ್ಕಿಸಿ. ಶಿಫ್ಟ್ ಕೀ ಒತ್ತಿ ಹಿಡಿದು ರಿಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ "ಯೂಸ್ ಎ ಡಿವೈಸ್" ಆರಿಸಿ ಪೆನ್‌ಡ್ರೈವ್ ತೋರಿಸಿ. ಅದು ಕಾಣದಿದ್ದರೆ ಆನ್ ಆಗುವಾಗಲೇ ಬೂಟ್ ಮೆನು ಕೀ ಒತ್ತಬೇಕು. ಡೆಲ್ ಮತ್ತು ಲೆನೋವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್ ಕೀ. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಎಫ್2 ಒತ್ತಿ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್ಸ್) ಒಳಗೆ ಹೋಗಿ ಬೂಟ್ ಮೆನುವನ್ನು ಮೊದಲು ಆನ್ ಮಾಡಬೇಕು.

ಸ್ವಲ್ಪ ಹೊತ್ತಿಗೆ ಮಿಂಟ್ ತೆರೆದುಕೊಳ್ಳುತ್ತದೆ. ಇದಕ್ಕೆ ಲೈವ್ ಸೆಷನ್ ಅಂತಾರೆ. ನಿಮ್ಮ ಡಿಸ್ಕನ್ನು ಇನ್ನೂ ಮುಟ್ಟಿಲ್ಲ. ಪೆನ್‌ಡ್ರೈವಿನಿಂದ ಓಡುವುದರಿಂದ ನಿಧಾನ ಇರುತ್ತದೆ, ಅದನ್ನು ನೋಡಿ ಲಿನಕ್ಸ್ ನಿಧಾನ ಅಂದುಕೊಳ್ಳಬೇಡಿ.

ಇಲ್ಲಿ ಅರ್ಧ ದಿನ ಕಳೆಯಿರಿ. ವೈಫೈ ಹಿಡಿಯುತ್ತಾ? ಹಿಡಿಯದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ. ಆ ನೆಟ್ಟಿನಿಂದ ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್ ಥರದ ವೈಫೈ ಚಿಪ್‌ಗಳಿಗೆ ಡ್ರೈವರ್ ಸಿಗುತ್ತದೆ. ಧ್ವನಿ, ಮೈಕು, ಕ್ಯಾಮೆರಾ, ಬೆಳಕು ಹೆಚ್ಚಿಸುವ ಕೀ, ಬ್ಲೂಟೂತ್ ಎಲ್ಲಾ ನೋಡಿ. ಮುಚ್ಚಳ ಹಾಕಿ ತೆಗೆದಾಗ ನಿದ್ದೆಯಿಂದ ಎದ್ದೇಳುತ್ತಾ ನೋಡಿ. ಒಂದು ಕನ್ನಡ ಪತ್ರಿಕೆಯ ತಾಣ ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ ಗಮನಿಸಿ.

ಪ್ರಿಂಟರ್ ಪರೀಕ್ಷೆ ಈಗಲೇ ಆಗಬೇಕು. ಎಪ್ಸನ್‌ನ ಇಂಕ್ ಟ್ಯಾಂಕ್ ಮಾದರಿಗಳು ಸಾಮಾನ್ಯವಾಗಿ ಜೋಡಿಸಿದ ಕೂಡಲೇ ಮುದ್ರಿಸುತ್ತವೆ. ಎಚ್‌ಪಿಗೆ ಎಚ್‌ಪಿಲಿಪ್ ಅನ್ನೋ ತಂತ್ರಾಂಶ ಇದೆ. ಲೇಸರ್‌ಜೆಟ್ 1020ರಂಥ ಕೆಲವಕ್ಕೆ ಅದರ ಮೇಲೆ ಒಂದು ಪ್ಲಗಿನ್ ಕೂಡ ಇಳಿಸಿಕೊಳ್ಳಬೇಕು. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ, ವಕೀಲರ ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕಷ್ಟದ್ದು. ಅದು ಕ್ಯಾಪ್ಟ್ ಅನ್ನೋ ಕ್ಯಾನನ್‌ನ ಸ್ವಂತ ಭಾಷೆಯಲ್ಲಿ ಕೆಲಸ ಮಾಡುತ್ತದೆ. ಲಿನಕ್ಸ್ ಡ್ರೈವರ್ ಇದೆ, ಆದರೆ ಹಳೆಯದು, ಕೂರಿಸುವುದು ಹೊಸಬರ ಕೈಲಿ ಸುಲಭ ಅಲ್ಲ. ನಿಮ್ಮ ದುಡಿಮೆ ಆ ಪ್ರಿಂಟರಿನ ಮೇಲೆ ನಿಂತಿದ್ದರೆ ವಿಂಡೋಸನ್ನೂ ಉಳಿಸಿಕೊಳ್ಳಿ.

ಹಂತ 8: ಇನ್‌ಸ್ಟಾಲ್

ಚಾರ್ಜರ್ ಸಿಕ್ಕಿಸಿರಲಿ. ಕರೆಂಟು ಹೋಗಿ ಬರುವ ಊರಾದರೆ ಮತ್ತು ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇರುವ ಕಡೆ ಕೂತು ಮಾಡಿ.

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್ ಆರಿಸಿ. ಮಲ್ಟಿಮೀಡಿಯಾ ಕೋಡೆಕ್ ಅಂತ ಬಂದ ಕಡೆ ಟಿಕ್ ಮಾಡಿ, ಹಾಡು ಮತ್ತು ವಿಡಿಯೋಗೆ ಅದು ಬೇಕು. ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ತಂತ್ರಾಂಶ ಯಂತ್ರ ಆನ್ ಆಗುವಾಗ ಓಡದಂತೆ ತಡೆಯುವ ಭದ್ರತೆ) ಆನ್ ಇದ್ದರೆ ಆಗ ಒಂದು ಪಾಸ್‌ವರ್ಡ್ ಕೇಳಬಹುದು. ಬರೆದಿಟ್ಟುಕೊಳ್ಳಿ. ಮೊದಲ ರಿಸ್ಟಾರ್ಟ್‌ನಲ್ಲಿ ನೀಲಿ ಪರದೆ ಬಂದಾಗ "ಎನ್‌ರೋಲ್ ಎಂಒಕೆ" ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ತುಂಬಾ ಜನ ಗಾಬರಿಯಲ್ಲಿ "ಕಂಟಿನ್ಯೂ ಬೂಟ್" ಒತ್ತಿಬಿಡುತ್ತಾರೆ, ಆಮೇಲೆ ಕೆಲವು ಡ್ರೈವರ್ ಕೆಲಸ ಮಾಡುವುದಿಲ್ಲ.

ಮುಂದಿನ ಪುಟವೇ ನಿರ್ಧಾರದ ಪುಟ. "ಇನ್‌ಸ್ಟಾಲ್ ಅಲಾಂಗ್‌ಸೈಡ್" ಅಂದರೆ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್. ಇದಕ್ಕೆ ಡ್ಯುಯಲ್ ಬೂಟ್ ಅಂತಾರೆ, ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತದೆ. ಕನಿಷ್ಠ 50 ಜಿಬಿ ಕೊಡಿ, 100 ಇದ್ದರೆ ಇನ್ನೂ ಒಳ್ಳೇದು. "ಇರೇಸ್ ಡಿಸ್ಕ್" ಅಂದರೆ ಡಿಸ್ಕ್ ಪೂರ್ತಿ ಖಾಲಿ. ಡಿ ಡ್ರೈವ್, ಇ ಡ್ರೈವ್ ಕೂಡ ಹೋಗುತ್ತವೆ. "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಆಗುತ್ತೆ ಅಂದ್ಕೊಂಡಿದ್ದೆ" ಅನ್ನೋ ಮಾತು ಬಹಳ ಸಲ ಕೇಳಿದ್ದೇನೆ. ಹಾಗಲ್ಲ.

ಡಿಸ್ಕೇ ಕಾಣದಿದ್ದರೆ? ಬಯಾಸ್‌ನಲ್ಲಿ ಸ್ಟೋರೇಜ್ ರೇಯ್ಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ವಿಧಾನದಲ್ಲಿರಬಹುದು. ಅದನ್ನು ಎಎಚ್‌ಸಿಐಗೆ ಬದಲಿಸಿದರೆ ಕಾಣುತ್ತದೆ. ಆದರೆ ಡ್ಯುಯಲ್ ಬೂಟ್ ಮಾಡುವವರು ನೇರವಾಗಿ ಬದಲಿಸಿದರೆ ವಿಂಡೋಸ್ ತೆರೆಯದೇ ಹೋಗಬಹುದು. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆಯುವ ಹಾಗೆ ಮಾಡಿ, ರಿಸ್ಟಾರ್ಟ್‌ನಲ್ಲಿ ಬಯಾಸ್ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದು, ಆಮೇಲೆ ಮಾಮೂಲಿಗೆ ಬನ್ನಿ.

"ಇನ್‌ಸ್ಟಾಲ್ ನೌ" ಒತ್ತಿದಾಗ ಯಾವ ಭಾಗಗಳು ಬದಲಾಗುತ್ತವೆ ಅಂತ ಕೊನೆಯ ಪಟ್ಟಿ ತೋರಿಸುತ್ತದೆ. ಸಾವಧಾನವಾಗಿ ಓದಿ. ಇದನ್ನು ದಾಟಿದ ಮೇಲೆ ಹಿಂದಿರುಗಲು ಆಗುವುದಿಲ್ಲ. ಉಳಿದದ್ದು ಸಲೀಸು: ಊರು ಕೋಲ್ಕತ್ತಾ ಅಂತಿರಲಿ, ಭಾರತದ ಸಮಯ ಅದೇ. ಹೆಸರು, ಪಾಸ್‌ವರ್ಡ್ ಕೊಡಿ. ಮುಗಿದಾಗ ಪೆನ್‌ಡ್ರೈವ್ ತೆಗೆದು ರಿಸ್ಟಾರ್ಟ್ ಮಾಡಿ.

ಹಂತ 9: ಮೊದಲ ದಿನದ ಕೆಲಸ

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲಾ ಅಪ್‌ಡೇಟ್ ಹಾಕಿ. ನಂತರ ಟೈಮ್‌ಶಿಫ್ಟ್ ತೆರೆಯಿರಿ. ಇದು ವ್ಯವಸ್ಥೆಯ ಈಗಿನ ಸ್ಥಿತಿಯನ್ನು ಉಳಿಸಿಟ್ಟು, ಏನಾದರೂ ಕೆಟ್ಟರೆ ಹಿಂದಕ್ಕೆ ಕರೆದೊಯ್ಯುತ್ತದೆ. ನಿಮ್ಮ ಫೋಟೋ, ಪತ್ರಗಳನ್ನು ಇದು ಉಳಿಸುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು.

ಇನ್ನು ಕನ್ನಡ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್-ಎಂ17ಎನ್ (ibus-m17n) ಅನ್ನೋ ಟೈಪಿಂಗ್ ಸಾಧನ ಹುಡುಕಿ ಹಾಕಿಕೊಳ್ಳಿ. ಮೆನುವಿನ ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಲಾಗೌಟ್ ಮಾಡದೆ "ಬರ್ತಾ ಇಲ್ಲ" ಅನ್ನುವವರೇ ಜಾಸ್ತಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಆ್ಯಡ್ ಒತ್ತಿ ಕನ್ನಡ ಆರಿಸಿ. ಅಲ್ಲಿ ಕೆಜಿಪಿ ಅಂತ ಇರುವುದೇ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಅಂದರೆ ನೀವು ನುಡಿಯಲ್ಲಿ ಬಳಸುವ ಕೀಬೋರ್ಡ್. ಪರೀಕ್ಷೆಗೆ ಇಂಗ್ಲಿಷಿನ ಕೆ, ಎನ್, ಎಫ್, ಎನ್, ಡಬ್ಲ್ಯೂ ಸಣ್ಣಕ್ಷರದ ಕೀಗಳನ್ನು ಸಾಲಾಗಿ ಒತ್ತಿ. "ಕನ್ನಡ" ಮೂಡಿದರೆ ಎಲ್ಲಾ ಸರಿ ಇದೆ. ಇಂಗ್ಲಿಷ್ ಉಚ್ಚಾರದ ಹಾಗೆ ಟೈಪ್ ಮಾಡುವವರು ಐಟ್ರಾನ್ಸ್ ಆರಿಸಿ, ಸರ್ಕಾರಿ ಇನ್‌ಸ್ಕ್ರಿಪ್ಟ್ ಬಲ್ಲವರಿಗೆ ಅದೂ ಇದೆ. ಕನ್ನಡಕ್ಕೂ ಇಂಗ್ಲಿಷಿಗೂ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್. ಅಕ್ಷರದ ಬದಲು ಚೌಕಗಳು ಕಂಡರೆ ಫಾಂಟ್ಸ್-ಕೆಎನ್‌ಡಿಎ ಅನ್ನೋ ಕಟ್ಟನ್ನು ಹಾಕಿಕೊಳ್ಳಿ.

ಲಿಬ್ರೆಆಫೀಸ್ ಮೊದಲೇ ಇರುತ್ತದೆ. ಬೇರೆಯವರಿಗೆ ಕಳಿಸುವ ಫೈಲನ್ನು ವರ್ಡ್ ಮಾದರಿಯಲ್ಲಿ ಉಳಿಸಿ. ಬರೀ ಓದುವುದಕ್ಕಾದರೆ ಪಿಡಿಎಫ್ ಮಾಡಿ ಕಳಿಸಿ, ಸಾಲು ಆಚೀಚೆ ಆಗುವುದಿಲ್ಲ. ಮ್ಯಾಕ್ರೋ ತುಂಬಿದ ಎಕ್ಸೆಲ್ ಶೀಟುಗಳು ಕೈಕೊಡಬಹುದು.

ಡ್ಯುಯಲ್ ಬೂಟ್ ಮಾಡಿದವರು ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಬಹುದು. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ಅಷ್ಟೇ ಕಾರಣ. ವಿಂಡೋಸ್‌ನ ಸಮಯದ ಸೆಟ್ಟಿಂಗ್ಸ್‌ನಲ್ಲಿ "ಸಿಂಕ್ ನೌ" ಒತ್ತಿ. ಅದಕ್ಕೆ ಮುಂಚೆ ಬ್ಯಾಂಕ್ ತಾಣ ತೆರೆಯಬೇಡಿ, ಸಮಯ ತಪ್ಪಿದ್ದರೆ ಭದ್ರತಾ ಎಚ್ಚರಿಕೆ ತೋರಿಸಿ ತಡೆಯಬಹುದು.

ವಿಂಡೋಸ್ ಭಾಗವನ್ನು ಕನಿಷ್ಠ ಎರಡು ಮೂರು ತಿಂಗಳು ಹಾಗೇ ಬಿಡಿ. ಹಂತ 1ರಲ್ಲಿ ಬರೆದ ಹಾಳೆಯ ಕೆಲಸವೆಲ್ಲ ಲಿನಕ್ಸ್‌ನಲ್ಲಿ ಒಂದು ಸಲವಾದರೂ ಮುಗಿಯಲಿ. ಆಮೇಲೆ ಬೇಕಾದರೆ ತೆಗೆಯಿರಿ. ತೆಗೆದ ಮೇಲೂ ಮನಸ್ಸು ಬದಲಾದರೆ ಯೋಚನೆ ಬೇಡ, ವಿಂಡೋಸ್ 10ರ ಡಿಜಿಟಲ್ ಪರವಾನಗಿ ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಮತ್ತೆ ಹಾಕಿ ನೆಟ್ಟಿಗೆ ಜೋಡಿಸಿದರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ನಡುವೆ ಎಲ್ಲಾದರೂ ಸಿಕ್ಕಿಹಾಕಿಕೊಂಡು ಯಾರನ್ನಾದರೂ ಕೇಳುವುದಾದರೆ, "ವೈಫೈ ಬರ್ತಿಲ್ಲ" ಅಂತಷ್ಟೇ ಬರೆಯಬೇಡಿ. ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿ ತೆರೆದು ಕಾಪಿ ಒತ್ತಿ. ಯಂತ್ರದ ಮಾದರಿ, ಚಿಪ್‌ಗಳ ವಿವರ ಎಲ್ಲಾ ನಕಲಾಗುತ್ತದೆ. ಅದನ್ನು ಪ್ರಶ್ನೆಯ ಕೆಳಗೆ ಅಂಟಿಸಿ, ಏನು ಮಾಡುವಾಗ ಹೀಗಾಯಿತು ಅಂತ ಒಂದು ಸಾಲು ಸೇರಿಸಿ, ಪರದೆಯ ಫೋಟೋ ಇದ್ದರೆ ಅದನ್ನೂ ಹಾಕಿ.